ಹ್ಯಾಂಡಲ್ ತಿರುಗಿಸಿ ನೋಡದ ಬ್ರೇಕ್

2023ರ ನವೆಂಬರ್. ದೊಡ್ಡಬಳ್ಳಾಪುರದ ಹಳೇ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿದ್ದ ನನ್ನ ಸೈಕಲ್ ರಿಪೇರಿ ಅಂಗಡಿಗೆ ಆಗ ಹದಿನೆಂಟು ವರ್ಷ ತುಂಬಿತ್ತು. ಅದಕ್ಕೂ ಮುಂಚೆ ಹದಿನಾಲ್ಕು ವರ್ಷ ಇದೇ ಊರಿನ ಪವರ್‌ಲೂಮ್ ಷೆಡ್ಡುಗಳಲ್ಲಿ ಮಗ್ಗದ ಮೆಕ್ಯಾನಿಕ್ ಆಗಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ನಾನು ಮಾಡಿದ ತಪ್ಪಿನಲ್ಲಿ ಮಗ್ಗಕ್ಕೂ ಒಂದು ಪಾಲಿದೆ. ಮಗ್ಗದ ಹಾಸಿನಲ್ಲಿ, ಅಂದರೆ ಉದ್ದಕ್ಕೆ ಬಿಗಿದ ನೂಲಿನಲ್ಲಿ, ಒಂದು ಎಳೆ ಸಡಿಲವಾದರೂ ಸೀರೆಯ ಮೇಲೆ ಗೆರೆ ಬೀಳುತ್ತದೆ, ಮಾಲೀಕರಿಂದ ಬೈಗುಳವೂ ಬೀಳುತ್ತದೆ. ಹಾಗಾಗಿ ಸಡಿಲವಾದದ್ದು ಏನು ಕಂಡರೂ ನನ್ನ ಕೈ ಸುಮ್ಮನಿರುವುದಿಲ್ಲ. ಮನೆಯಲ್ಲಿ ಬಟ್ಟೆ ಒಣಹಾಕುವ ತಂತಿಯನ್ನೂ ವಾರಕ್ಕೊಮ್ಮೆ ಎಳೆದು ಬಿಗಿ ಮಾಡುವ ಆಸಾಮಿ ನಾನು.

ಒಂದು ಸೋಮವಾರ ಬೆಳಿಗ್ಗೆ ಷಟರ್ ಎತ್ತುವ ಹೊತ್ತಿಗೆ ಕೀರ್ತನಾ ಬಂದು ನಿಂತಿದ್ದಳು. ತೂಬಗೆರೆಯ ಆಂಜಿನಪ್ಪನವರ ಮಗಳು, ಬಿ.ಕಾಂ. ಕೊನೆಯ ವರ್ಷದಲ್ಲಿದ್ದಳು. ಆಂಜಿನಪ್ಪನವರು ರಾಗಿ, ದ್ರಾಕ್ಷಿ ಬೆಳೆಯುವವರು. ಈಗಲೂ ಸೈಕಲ್ಲಿಗೆ ಕ್ಯಾನ್ ಕಟ್ಟಿಕೊಂಡು ಡೈರಿಗೆ ಹಾಲು ಹಾಕುವವರು. ಆ ಸೈಕಲ್ಲು ನನ್ನ ಅಂಗಡಿಯ ಮೊದಲ ವರ್ಷದಿಂದಲೂ ನನ್ನ ಬಳಿಗೇ ಬರುತ್ತಿತ್ತು. ಮಗಳು ತಂದಿದ್ದ ಸೈಕಲ್ ಮಾತ್ರ ಬೇರೆ ಜಾತಿಯದು. ಇಪ್ಪತ್ತು ಇಂಚಿನ ಚಕ್ರದ ಗಿಡ್ಡ ಬಿಎಂಎಕ್ಸ್, ಎರಡೂ ಚಕ್ರಗಳ ಪಕ್ಕಕ್ಕೆ ಕಾಲಿಟ್ಟು ನಿಲ್ಲಲು ಕಬ್ಬಿಣದ ಗೂಟಗಳು. ಬ್ರೇಕೇ ಇರಲಿಲ್ಲ. ಬ್ರೇಕಿನ ಸಾಮಾನೆಲ್ಲ ಅವಳ ಬ್ಯಾಗಿನೊಳಗಿತ್ತು.

"ನಾಗರಾಜಣ್ಣ, ಗೈರೋ ಬ್ರೇಕ್ ಕಟ್ತೀರಾ?" ಎಂದಳು.

"ಅದೇನಮ್ಮ ಅದು?" ಎಂದೆ. ಗೊತ್ತಿದೆ ಎಂದು ಸುಳ್ಳು ಹೇಳಲಿಲ್ಲ, ಅಷ್ಟು ಪುಣ್ಯ ಮಾಡಿದ್ದೇನೆ.

ಅವಳು ಆಡುವುದು ಫ್ಲಾಟ್‌ಲ್ಯಾಂಡ್. ದಿಬ್ಬ, ಇಳಿಜಾರು ಏನೂ ಬೇಡ. ಸಮತಟ್ಟಾದ ನೆಲದ ಮೇಲೆ ಸೈಕಲನ್ನು ಒಂದೇ ಚಕ್ರದಲ್ಲಿ ನಿಲ್ಲಿಸಿ, ಓಡಿಸಿ, ಸುತ್ತಿಸಿ ಆಡುವ ಆಟ. ಎರಡು ವರ್ಷದಿಂದ ಮನೆಯ ಹಿಂದಿನ ಸಿಮೆಂಟ್ ಕಣದಲ್ಲಿ ಒಬ್ಬಳೇ ಕಲಿತಿದ್ದಳು. ಹದಿಮೂರು ದಿನ ಕಳೆದು ಬರುವ ಭಾನುವಾರ ದೇವನಹಳ್ಳಿ ಬಳಿ ಸ್ಪರ್ಧೆಯಿತ್ತು. ಮೊದಲ ಮೂರು ಸ್ಥಾನ ಪಡೆದವರಿಗೆ ಬೆಂಗಳೂರಿನ ಒಂದು ತಂಡದ ಜೊತೆ ಒಂದು ವರ್ಷ ತರಬೇತಿ. ಕೀರ್ತನಾಗೆ ಅದೊಂದೇ ಬೇಕಾಗಿತ್ತು.

ಗೈರೋ ಎಂದರೆ ಏನೆಂದು ಹೇಳಬೇಕು. ಸಾಮಾನ್ಯ ಸೈಕಲ್ಲಿನಲ್ಲಿ ಹಿಂದಿನ ಬ್ರೇಕಿನ ಕೇಬಲ್ ಲಿವರಿನಿಂದ ನೇರವಾಗಿ ಹಿಂದಕ್ಕೆ ಹೋಗುತ್ತದೆ. ಹ್ಯಾಂಡಲನ್ನು ಒಂದು ಪೂರ್ತಿ ಸುತ್ತು ತಿರುಗಿಸಿದರೆ ಕೇಬಲ್ ಸೈಕಲ್ಲಿನ ಕುತ್ತಿಗೆಗೆ ಸುತ್ತಿಕೊಳ್ಳುತ್ತದೆ. ಗೈರೋದಲ್ಲಿ ಹ್ಯಾಂಡಲಿನ ಕೆಳಗೆ, ಸೈಕಲ್ಲಿನ ಕುತ್ತಿಗೆಯ ಸುತ್ತ, ಬೇರಿಂಗ್ ಇರುವ ಒಂದು ಬಳೆ ಕೂರುತ್ತದೆ. ಲಿವರಿನಿಂದ ಬರುವ ಕೇಬಲ್ ಎರಡು ಕವಲಾಗಿ ಬಳೆಯ ಎಡಬಲಕ್ಕೆ ಮೇಲಿನಿಂದ ಸಿಕ್ಕಿಕೊಳ್ಳುತ್ತದೆ. ಕೆಳಗಿನಿಂದ ಇನ್ನೆರಡು ತಂತಿಗಳು ಹೊರಟು, ಒಂದಾಗಿ ಹಿಂದಿನ ಬ್ರೇಕನ್ನು ಸೇರುತ್ತವೆ. ಲಿವರ್ ಒತ್ತಿದರೆ ಬಳೆ ಮೇಲೇಳುತ್ತದೆ, ಕೆಳಗಿನ ತಂತಿಗಳನ್ನು ಎಳೆಯುತ್ತದೆ, ಬ್ರೇಕ್ ಹಿಡಿಯುತ್ತದೆ. ಬಳೆಯ ಮೇಲರ್ಧ ಹ್ಯಾಂಡಲ್ ಜೊತೆ ತಿರುಗುತ್ತದೆ, ಕೆಳಗಿನರ್ಧ ಫ್ರೇಮಿನ ಜೊತೆ ನಿಂತಿರುತ್ತದೆ. ಹ್ಯಾಂಡಲ್ ನೂರು ಸುತ್ತು ತಿರುಗಿದರೂ ತಂತಿ ಸಿಕ್ಕಾಗುವುದಿಲ್ಲ. ಇದನ್ನು ಕಂಡು ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಇಷ್ಟು ವರ್ಷ ಸೈಕಲ್ ಬಿಚ್ಚಿದ್ದೇನೆ, ಇಂಥ ಬುದ್ಧಿವಂತ ಸಾಮಾನು ನನ್ನ ಕೈಗೆ ಬಂದಿರಲಿಲ್ಲ. ಆ ದಿನದ ಪಂಕ್ಚರ್‌ಗಳನ್ನೆಲ್ಲ ಪಕ್ಕಕ್ಕಿಟ್ಟು ಕುಳಿತೆ.

ಮೂರು ಗಂಟೆ ಹಿಡಿಯಿತು. ಕೊನೆಗೆ ನಾಲ್ಕು ತಂತಿಗಳನ್ನೂ ಎಳೆದು ಕಟ್ಟುವಾಗ ಕೀರ್ತನಾ ಹೇಳಿದಳು, "ಅಣ್ಣ, ಸ್ವಲ್ಪ ಲೂಸ್ ಇರ್ಲಿ. ಹ್ಯಾಂಡಲ್ ತಿರುಗಿಸುವಾಗ ಎಳೀಬಾರ್ದು."

"ಲೂಸ್ ಬ್ರೇಕ್ ಕಟ್ಟಿ ಕಳ್ಸಿದ್ರೆ ನಿಮ್ಮಪ್ಪ ನನ್ ಅಂಗಡಿ ಮುಂದೆ ಬಂದು ನಿಂತ್ಕೋತಾರೆ ಕಣಮ್ಮ," ಎಂದು ನಕ್ಕೆ. ಲಾಕ್ ನಟ್ಟುಗಳನ್ನು ಇನ್ನಷ್ಟು ಬಿಗಿದೆ. ಬಳೆ ಮಟ್ಟವಾಗಿ ಕೂತಿತ್ತು. ಚಕ್ರ ತಿರುಗಿಸಿ ಲಿವರ್ ಒತ್ತಿದೆ, ಚಕ್ರ ಕಚ್ಚಿಕೊಂಡು ನಿಂತಿತು. ಎದೆ ಉಬ್ಬಿಸಿಕೊಂಡು ಕಳುಹಿಸಿಕೊಟ್ಟೆ.

ಶನಿವಾರ ಬೆಳಿಗ್ಗೆ ಆಂಜಿನಪ್ಪನವರು ನಿಜವಾಗಿಯೂ ನನ್ನ ಅಂಗಡಿ ಮುಂದೆ ಬಂದು ನಿಂತರು. ಲಗೇಜ್ ಆಟೋದಿಂದ ಆ ಬಿಎಂಎಕ್ಸ್ ಇಳಿಸಿ ಗೋಡೆಗೆ ಒರಗಿಸಿದರು.

"ಇದನ್ನ ಯಾರಿಗಾದ್ರೂ ಮಾರ್ಬಿಡು, ನಾಗರಾಜು."

"ಏನಾಯ್ತಣ್ಣ?"

"ನಿನ್ನೆ ಬಿದ್ಲು. ಹಿಂದಿನ್ ಚಕ್ರದ ಮೇಲೆ ನಿಂತ್ಕೊಂಡು ಹ್ಯಾಂಡಲ್ ಕೈಬಿಟ್ಟು ಸುತ್ತಿಸ್ತಾಳಂತೆ. ಮುಂದಿನ್ ಚಕ್ರ ಧೊಪ್ಪಂತ ಬಿತ್ತಂತೆ. ಎಡಗೈ ಊದ್ಕೊಂಡಿದೆ. ಮೂಳೆಗೇನೂ ಆಗಿಲ್ಲ, ಐದು ದಿನ ಪಟ್ಟಿ ಬಿಚ್ಚಬೇಡ ಅಂದಿದ್ದಾರೆ ಡಾಕ್ಟ್ರು. ಕೇಳಿದ್ರೆ ನನ್ದೇ ತಪ್ಪು ಅಂತಾಳೆ. ತಪ್ಪು ಮಾಡೋಳಿಗೆ ಈ ಆಟ ಯಾಕೆ?"

ನನ್ನ ಮೇಲೆ ಅವರಿಗೆ ಒಂದಿಷ್ಟೂ ಅನುಮಾನವಿರಲಿಲ್ಲ. ಬ್ರೇಕ್ ಚೆನ್ನಾಗಿ ಕಟ್ಟಿದ್ದೀಯ ಎಂದು ಹೊಗಳಿಯೇ ಹೋದರು.

ಮಾರುವ ಮೊದಲು ಒರೆಸೋಣವೆಂದು ಸೈಕಲನ್ನು ಸ್ಟ್ಯಾಂಡಿಗೆ ಏರಿಸಿದೆ. ಪೆಡಲ್ ತಿರುಗಿಸಿ ಹಿಂದಿನ ಚಕ್ರ ತಿರುಗಲು ಬಿಟ್ಟೆ, ಸಲೀಸಾಗಿ ತಿರುಗುತ್ತಿತ್ತು. ಫ್ರೇಮಿನ ಮುಂಭಾಗ ಒರೆಸಲು ಅಡ್ಡ ಬರುತ್ತಿದ್ದ ಹ್ಯಾಂಡಲನ್ನು ಹಿಂದುಮುಂದಾಗಿ ತಿರುಗಿಸಿದೆ. ಚಕ್ರ ತಾನೇ ತಾನಾಗಿ ನಿಂತುಬಿಟ್ಟಿತು. ಲಿವರನ್ನು ಯಾರೂ ಮುಟ್ಟಿರಲಿಲ್ಲ. ಹ್ಯಾಂಡಲ್ ನೇರ ಮಾಡಿದೆ, ಚಕ್ರ ಬಿಡುಗಡೆಯಾಯಿತು. ಮತ್ತೆ ಅರ್ಧ ಸುತ್ತು ತಿರುಗಿಸಿದೆ, ಮತ್ತೆ ಹಿಡಿಯಿತು. ಹಿಂದಿನ ಚಕ್ರದ ಮೇಲೆ ಓಡುತ್ತಿರುವಾಗ ಅದು ಹೀಗೆ ಹಿಡಿದರೆ, ಎತ್ತಿದ ಮುಂದಿನ ಚಕ್ರ ಧೊಪ್ಪೆಂದು ಬೀಳಲೇಬೇಕು.

ಸೀಮೆಸುಣ್ಣ ತಂದು ಬಳೆಯ ಮೇಲರ್ಧಕ್ಕೆ ಒಂದು ಗುರುತು, ಕೆಳಗಿನರ್ಧಕ್ಕೆ ಒಂದು ಗುರುತು ಹಾಕಿ ನಿಧಾನವಾಗಿ ತಿರುಗಿಸುತ್ತಾ ನೋಡಿದೆ. ಬಳೆ ಒಂದು ಕಡೆಗೆ ವಾಲುತ್ತಿತ್ತು. ಆ ವಾಲು ಹ್ಯಾಂಡಲ್ ಜೊತೆ ಸುತ್ತಿದರೆ ದೋಷ ಮೇಲಿನ ತಂತಿಯಲ್ಲಿ. ಇದ್ದಲ್ಲೇ ಇದ್ದರೆ ಕೆಳಗಿನ ತಂತಿಯಲ್ಲಿ. ನನ್ನದು ಎರಡರಲ್ಲೂ ಇತ್ತು. ಮೇಲಿನ ಎಡ ತಂತಿ ಎರಡು ಮಿಲಿಮೀಟರ್ ಗಿಡ್ಡ. ಅದು ಬಳೆಯನ್ನು ಮೇಲಕ್ಕೆಳೆಯುತ್ತಿದ್ದುದರಿಂದ, ಮಟ್ಟ ಮಾಡಲು ನಾನು ಕೆಳಗಿನ ಎಡ ತಂತಿಯನ್ನು ಜಗ್ಗಿ ಬಿಗಿದಿದ್ದೆ. ಹ್ಯಾಂಡಲ್ ನೇರವಿರುವಾಗ ಎರಡು ತಪ್ಪುಗಳು ಒಂದನ್ನೊಂದು ಮುಚ್ಚಿಕೊಂಡಿದ್ದವು. ಅರ್ಧ ಸುತ್ತು ತಿರುಗಿದಾಗ ಗಿಡ್ಡ ತಂತಿ ಬಲಕ್ಕೆ ಬಂದು, ಬಳೆ ವಾರೆಯಾಗಿ, ಬ್ರೇಕನ್ನು ಎಳೆಯುತ್ತಿತ್ತು. ಸ್ವಲ್ಪ ಸಡಿಲವಿದ್ದಿದ್ದರೆ ಆ ಎರಡು ಮಿಲಿಮೀಟರ್ ಅದರಲ್ಲೇ ಅಡಗಿಹೋಗುತ್ತಿತ್ತು. ನಾನು ಮಗ್ಗದ ಹಾಸಿನಂತೆ ಬಿಗಿದಿದ್ದೆ. ಅದಕ್ಕಿಂತ ನಾಚಿಕೆಗೇಡಿನ ವಿಷಯವೆಂದರೆ, ಹ್ಯಾಂಡಲ್ ತಿರುಗಿಸಲೆಂದೇ ಮಾಡಿದ ಬ್ರೇಕನ್ನು ಹ್ಯಾಂಡಲ್ ನೇರವಿಟ್ಟೇ ಪರೀಕ್ಷೆ ಮಾಡಿದ್ದೆ. ಹದಿನೆಂಟು ವರ್ಷ ಎಲ್ಲ ಸೈಕಲ್ಲಿಗೂ ಹಾಗೆಯೇ ಮಾಡಿದ್ದೆ.

ಸರಿಪಡಿಸಿ ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ಯೋಚನೆ ನನಗೆ ಬರಲಿಲ್ಲವೆಂದರೆ ಸುಳ್ಳಾಗುತ್ತದೆ, ಒಂದು ಕಾಫಿ ಕುಡಿಯುವಷ್ಟು ಹೊತ್ತು ಬಂದಿತ್ತು. ಆದರೆ ಆ ಹುಡುಗಿ ತಾನು ಮಾಡದ ತಪ್ಪನ್ನು ತನ್ನದೆಂದು ಒಪ್ಪಿಕೊಂಡು ಮನೆಯಲ್ಲಿ ಕುಳಿತಿದ್ದಳು. ಸ್ಪರ್ಧೆಗೆ ಎಂಟು ದಿನ ಉಳಿದಿತ್ತು. ಒಂದು ನಟ್ಟನ್ನೂ ಮುಟ್ಟದೆ ಸೈಕಲನ್ನೂ ಟೂಲ್ ಬಾಕ್ಸನ್ನೂ ಆಟೋಗೆ ಹಾಕಿಕೊಂಡು ಮಧ್ಯಾಹ್ನವೇ ತೂಬಗೆರೆಗೆ ಹೊರಟೆ.

ಆಂಜಿನಪ್ಪನವರು ಕಣದಲ್ಲಿ ರಾಗಿ ಕಟಾವಿಗೆಂದು ಕುಡುಗೋಲುಗಳನ್ನು ಮಸೆಯುತ್ತಾ ಕುಳಿತಿದ್ದರು. "ಗಿರಾಕಿ ಸಿಕ್ಕಿದ್ನಾ?" ಎಂದರು.

"ಇಲ್ಲಣ್ಣ. ಕಳ್ಳ ಸಿಕ್ಕಿದ್ದಾನೆ. ನಾನೇ."

ಅವರು ನಗಲಿಲ್ಲ. ಕೀರ್ತನಾ ಪಟ್ಟಿ ಸುತ್ತಿದ ಕೈಯನ್ನು ಎದೆಗೆ ಹಿಡಿದು ಹೊರಗೆ ಬಂದಳು. ನಾನು ಸೀಟು ಹಿಡಿದು ಹಿಂದಿನ ಚಕ್ರ ಎತ್ತಿದೆ. ಆಂಜಿನಪ್ಪನವರಿಗೆ ಒಂದು ಕೈಯಲ್ಲಿ ಪೆಡಲ್ ತಿರುಗಿಸಿ ಬಿಟ್ಟು ಇನ್ನೊಂದು ಕೈಯಲ್ಲಿ ಹ್ಯಾಂಡಲ್ ತಿರುಗಿಸಲು ಹೇಳಿದೆ. ಚಕ್ರ ಕಿರ್ರೆಂದು ನಿಂತಿತು. ಅವರು ಇನ್ನೊಮ್ಮೆ ಮಾಡಿದರು, ಮಗದೊಮ್ಮೆ ಮಾಡಿದರು.

"ಅಂದ್ರೆ ಇವಳ ತಪ್ಪಿಲ್ಲ," ಎಂದರು.

"ಇಲ್ಲ. ಲೂಸ್ ಇರ್ಲಿ ಅಂತ ಅವಳು ಹೇಳಿದ್ಲು. ನಾನು ಕೇಳ್ಲಿಲ್ಲ."

ಕೀರ್ತನಾ ಕಣ್ಣು ತುಂಬಿಕೊಂಡು ನಿಂತಿದ್ದಳು. "ನಾನೇ ಬೇಗ ಕೈ ಬಿಟ್ಟೆ ಅನ್ಕೊಂಡಿದ್ದೆ ಅಣ್ಣ," ಎಂದಳು. ಅವಳ ದನಿಯಲ್ಲಿ ಕೋಪವಿರಲಿಲ್ಲ, ಹೊರೆ ಇಳಿದ ಹಗುರವಿತ್ತು.

ಆಂಜಿನಪ್ಪನವರು ನನ್ನ ಮುಖ ನೋಡಿ ಇಷ್ಟೇ ಹೇಳಿದರು: "ಹದಿನೆಂಟು ವರ್ಷದಿಂದ ನನ್ ಸೈಕಲ್ ನಿನ್ ಕೈಲಿದೆ." ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಕುಡುಗೋಲುಗಳನ್ನು ಸರಿಸಿ ಪಕ್ಕದಲ್ಲೇ ಕೂತು, "ಇಲ್ಲೇ ಕಟ್ಟು. ನನ್ ಕಣ್ಣೆದುರಿಗೆ," ಎಂದರು.

ಆ ಕಣದಲ್ಲಿ ಮಾಡಿದಷ್ಟು ಮೈಯೆಲ್ಲ ಕಣ್ಣಾಗಿ ನಾನು ಇನ್ನಾವ ಕೆಲಸವನ್ನೂ ಮಾಡಿಲ್ಲ. ನಾಲ್ಕೂ ತಂತಿಗಳನ್ನು ಪೂರ್ತಿ ಬಿಚ್ಚಿದೆ. ಮೊದಲು ಕೆಳಗಿನ ಎರಡನ್ನು ಸ್ಟೀಲ್ ಸ್ಕೇಲಿನಿಂದ ಅಳೆದು ಸಮ ಮಾಡಿದೆ. ಬಳೆ ಮಟ್ಟವಾಗಿ ಕೂತ ಮೇಲೆಯೇ ಮೇಲಿನ ಎರಡನ್ನು ಸೇರಿಸಿದೆ. ಬ್ರೇಕ್ ಶೂ ಮತ್ತು ರಿಮ್ಮಿನ ನಡುವೆ ಎರಡೂ ಕಡೆ ಎರಡೆರಡು ಮಿಲಿಮೀಟರ್ ಬಿಟ್ಟೆ. ಆಮೇಲೆ ಹ್ಯಾಂಡಲನ್ನು ಕಾಲು ಸುತ್ತು, ಅರ್ಧ, ಮುಕ್ಕಾಲು ಎಂದು ನಿಲ್ಲಿಸಿ ನಿಲ್ಲಿಸಿ ನೋಡಿದೆ. ಮುಕ್ಕಾಲಿನಲ್ಲಿ ಶೂ ಇನ್ನೂ ಸವರುತ್ತಿತ್ತು. ನನ್ನ ಬೆರಳು ಅಭ್ಯಾಸಬಲದಿಂದ ಬಿಗಿ ಮಾಡುವ ಕಡೆಗೇ ಹೋಯಿತು.

ಕೀರ್ತನಾ ಬಲಗೈಯಿಂದ ಲಿವರ್ ಒತ್ತಿ ನೋಡಿ, "ಬಿಡಿ ಅಣ್ಣ, ಮೇಲಿಂದು ಬಲಗಡೆ ಇನ್ನರ್ಧ ಸುತ್ತು ಬಿಡಿ," ಎಂದಳು.

ಬಿಟ್ಟೆ. ಬೆರಳಿಗೆ ಹಿಂಸೆಯಾಯಿತು, ಆದರೂ ಬಿಟ್ಟೆ. ಸವರುವ ಸದ್ದು ನಿಂತಿತು. ಲಾಕ್ ನಟ್ ಕಚ್ಚಿಸಿದೆ. ಆಂಜಿನಪ್ಪನವರು ಎದ್ದು ಬಂದು ಹ್ಯಾಂಡಲನ್ನು ಹತ್ತು ಸುತ್ತು ತಿರುಗಿಸಿದರು. ಚಕ್ರ ತನ್ನ ಪಾಡಿಗೆ ತಿರುಗುತ್ತಲೇ ಇತ್ತು. ಲಿವರ್ ಒತ್ತಿದರು, ನಿಂತಿತು. ನನಗೆ ಕುಣಿಯಬೇಕು ಎನ್ನಿಸಿತು. ಅವರು ಮಗಳಿಗೆ, "ಪಟ್ಟಿ ಬಿಚ್ಚೋವರ್ಗೂ ಮುಟ್ಟಬೇಡ," ಎಂದರು. ನನ್ನ ಕಡೆ ತಿರುಗಿ, "ಸ್ಪರ್ಧೆ ದಿನ ನೀನೂ ಬರ್ಬೇಕು. ಸ್ಪ್ಯಾನರ್ ತಗೊಂಡು," ಎಂದರು. ಅವಳು ಹೋಗಬಹುದು ಎಂದು ಅವರು ಹೇಳಿದ್ದು ಅಷ್ಟರಲ್ಲೇ.

ಸ್ಪರ್ಧೆ ನಡೆದದ್ದು ಒಂದು ಕಲ್ಯಾಣ ಮಂಟಪದ ಪಾರ್ಕಿಂಗ್ ಜಾಗದಲ್ಲಿ. ಹದಿನೇಳು ಜನ ಆಡುವವರು, ಅವರಲ್ಲಿ ಹುಡುಗಿಯರು ಇಬ್ಬರೇ. ಒಬ್ಬೊಬ್ಬರಿಗೆ ಎರಡು ನಿಮಿಷ. ಕೀರ್ತನಾಳ ಸರದಿ ಬರುವ ಮೊದಲು ನಾನು ಆ ಬಳೆಯನ್ನು ನಾಲ್ಕು ಸಲ ನೋಡಿದೆ. ಐದನೇ ಸಲ ಅವಳೇ ನನ್ನ ಕೈ ತೆಗೆದಳು.

ಮೊದಲ ನಿಮಿಷ ಸಲೀಸಾಗಿ ಹೋಯಿತು. ಆಮೇಲೆ ಅವಳು ಹಿಂದಿನ ಗೂಟಗಳ ಮೇಲೆ ನಿಂತು ಮುಂದಿನ ಚಕ್ರವನ್ನು ಮೇಲೆತ್ತಿದಳು. ಬಿದ್ದದ್ದು ಇದೇ ಆಟದಲ್ಲಿ. ನನ್ನ ಮುಷ್ಟಿಯೊಳಗೆ ಹತ್ತರ ಸ್ಪ್ಯಾನರ್ ಬೆವೆತುಹೋಗಿತ್ತು. ಅವಳು ಹ್ಯಾಂಡಲನ್ನು ತಳ್ಳಿ ಕೈಬಿಟ್ಟಳು. ಕಾಲು ಸುತ್ತು, ಅರ್ಧ, ಮುಕ್ಕಾಲು. ಸುತ್ತಲಿನ ಜನರೆಲ್ಲ ಅವಳ ಕೈ ನೋಡುತ್ತಿದ್ದರು. ನನ್ನ ಪಕ್ಕದಲ್ಲಿ ಆಂಜಿನಪ್ಪನವರು ಬಗ್ಗಿ ಹಿಂದಿನ ಚಕ್ರವನ್ನೇ ನೋಡುತ್ತಿದ್ದರು.

"ನಿಂತಿಲ್ಲ ನೋಡು, ನಾಗರಾಜು," ಎಂದರು. "ತಿರುಗ್ತಾನೇ ಇದೆ."

ಹ್ಯಾಂಡಲ್ ಅವಳ ಕೈಗೆ ಬಂತು. ಒಂದೇ ಬೆರಳಿನಲ್ಲಿ ಬ್ರೇಕ್ ಮುಟ್ಟಿದಳು. ಮುಂದಿನ ಚಕ್ರ ಹೂವಿನಷ್ಟು ಹಗುರಾಗಿ ನೆಲಕ್ಕಿಳಿಯಿತು. ನಾನು ಗಟ್ಟಿಯಾಗಿ ಕೂಗಿಬಿಟ್ಟೆನಂತೆ, ಆಮೇಲೆ ಅವಳು ಹೇಳಿದಳು. ಅವಳಿಗೆ ಮೂರನೇ ಸ್ಥಾನ ಬಂತು. ಮೂರಾದರೆ ಸಾಕಿತ್ತು. ಮನೆಗೆ ಹೋಗುವ ದಾರಿಯುದ್ದಕ್ಕೂ ಆಟೋದಲ್ಲಿ ನಾವು ಮೂವರೂ ಒಟ್ಟೊಟ್ಟಿಗೆ ಮಾತಾಡುತ್ತಿದ್ದೆವು, ಯಾರೂ ಯಾರ ಮಾತನ್ನೂ ಕೇಳಲಿಲ್ಲ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಬಿಗಿಯಾಗಿರುವುದೆಲ್ಲ ಸರಿಯಾಗಿರುವುದಿಲ್ಲ. ಸಾಮಾನು ಯಾವ ಕೆಲಸಕ್ಕಿದೆಯೋ ಆ ಕೆಲಸ ಮಾಡಿಸಿಯೇ ಅದನ್ನು ಪರೀಕ್ಷೆ ಮಾಡಬೇಕು. ಓಡಿಸುವವರು ಏನಾದರೂ ಹೇಳಿದರೆ ಸ್ಪ್ಯಾನರ್ ಕೆಳಗಿಟ್ಟು ಕೇಳಿಸಿಕೊಳ್ಳಬೇಕು. ಈಗ ನನ್ನ ಅಂಗಡಿಗೆ ಯಾವ ಸೈಕಲ್ ಬಂದರೂ ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಬ್ರೇಕ್ ನೋಡುತ್ತೇನೆ. ಶಾಲೆಯ ಮಕ್ಕಳ ಸೈಕಲ್ಲಿಗೂ ಹಾಗೆ ಮಾಡುವುದನ್ನು ಕಂಡು ಪಕ್ಕದ ಅಂಗಡಿಯವರು ತಮಾಷೆ ಮಾಡುತ್ತಾರೆ.

ಮರುತಿಂಗಳು ಆಂಜಿನಪ್ಪನವರು ಹಾಲಿನ ಸೈಕಲ್ ತಂದರು. ಬ್ರೇಕ್ ಶೂ ಬದಲಾಯಿಸಿ, ಎಲ್ಲ ನೋಡಿ ಅವರ ಕೈಗೆ ಕೊಟ್ಟೆ. ಅವರು ಹತ್ತಲಿಲ್ಲ. ಹ್ಯಾಂಡಲ್ ಹಿಡಿದು ನಿಂತರು.

"ನನ್ ಮೇಲೆ ನಂಬಿಕೆ ಹೋಯ್ತಾ ಅಣ್ಣ?" ಎಂದೆ.

"ನಂಬಿಕೆ ಇರೋದಕ್ಕೇ ನಿನ್ ಹತ್ರ ತಂದಿರೋದು," ಎಂದರು. "ತಿರುಗಿಸಿ ನೋಡೋದು ಬೇರೆ. ಎತ್ತು ಸೀಟು."

ನಾನು ಸೀಟು ಹಿಡಿದು ಎತ್ತಿದೆ.