ಯಾರೂ ಹೊಲಿಸದ ಬ್ಲೌಸ್ ಪೀಸು

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ಡಲ್ಲಾಸಿನ ಹೊರವಲಯದ ಪ್ರಾಸ್ಪರ್ ಊರಿನ ಕಡೆ ಆಗಿನ್ನೂ ಮನೆಗಳಿಗಿಂತ ಹಸುಗಳೇ ಹೆಚ್ಚು. ನಾನು ಡಲ್ಲಾಸಿನಲ್ಲಿ ಸಮಾಜ ಕಾರ್ಯಕರ್ತೆ. ಸುತ್ತ ಇದ್ದವರೆಲ್ಲ ಸಾಫ್ಟ್‌ವೇರಿನವರು. ನನ್ನದೂ ಒಂದು ಕೆಲಸವೇ ಎಂದು ಅವರು ನಂಬುತ್ತಿರಲಿಲ್ಲ. "ಪಾಪ, ಇಂಟರ್‌ವ್ಯೂ ಕ್ಲಿಯರ್ ಆಗಿಲ್ಲ ಅನ್ಸುತ್ತೆ" ಎಂದು ಕನಿಕರಪಡುತ್ತಿದ್ದರು.

ಆ ಚಳಿಗಾಲ ನಾನು ಯುದ್ಧದಲ್ಲಿ ನುಚ್ಚುನೂರಾದ ಗುಡ್ಡಗಾಡು ದೇಶವೊಂದರ ನಿರಾಶ್ರಿತರ ಶಿಬಿರಕ್ಕೆ ಹೋಗುವುದಿತ್ತು. ಅಲ್ಲಿ ಡೇರೆಗಳಲ್ಲೇ ಹೆರಿಗೆಯಾಗುತ್ತಿತ್ತು. ಕೂಸುಗಳಿಗೆ ಹೊದಿಸಲು ಕಂಬಳಿ ಕೊಡಿ ಎಂದು ನಮ್ಮ ಕನ್ನಡದವರಿಗೆಲ್ಲ ಇಮೇಲ್ ಕಳಿಸಿದೆ. ಕಂಬಳಿ ಎಂಬ ಪದವನ್ನು ದಪ್ಪಕ್ಷರದಲ್ಲೇ ಹಾಕಿದ್ದೆ.

ಸಂಗ್ರಹ ಪಕ್ಕದೂರು ಮೆಕಿನ್ನಿಯ ಆಂಟಿಯೊಬ್ಬರ ಮನೆಯಲ್ಲಿ. ಬಂದವರು ಮೊದಲು ಬಿಸಿಬೇಳೆಬಾತ್ ತಿಂದರು, ಆಮೇಲೆ ಯುದ್ಧದ ಬಗ್ಗೆ ಲೊಚಗುಟ್ಟಿದರು, ಆಮೇಲೆ ಬಾಕ್ಸ್ ತುಂಬಿದರು. ಏನು ತುಂಬಿದರು ಅನ್ನುತ್ತೀರಿ? ಬ್ಲೌಸ್ ಪೀಸು! ಅರಿಶಿನ ಕುಂಕುಮಕ್ಕೆ ಕರೆದಾಗ ಎಲೆ ಅಡಿಕೆಯ ಜೊತೆ ಕೊಡುತ್ತಾರಲ್ಲ, ಮಡಿಕೆಯನ್ನೂ ಬಿಚ್ಚದೆ ನಾವು ಇನ್ನೊಬ್ಬರಿಗೆ ದಾಟಿಸುತ್ತೇವಲ್ಲ, ಅವೇ. ಇರ್ವಿಂಗಿನಿಂದ ಹೊರಟ ಪೀಸು ಹ್ಯೂಸ್ಟನ್, ಆಸ್ಟಿನ್ ಎಲ್ಲ ಸುತ್ತಿ ವರ್ಷದೊಳಗೆ ಕೊಟ್ಟವಳ ಕೈಗೇ ವಾಪಸು ಬಂದದ್ದೂ ಉಂಟು.

"ಆಂಟಿ, ನಾನು ಕಂಬಳಿ ಕೇಳಿದ್ದೆನಲ್ಲಾ?" ಎಂದೆ.

"ಬಟ್ಟೆ ಬಟ್ಟೆನೇ ಅಲ್ವೇನಮ್ಮಾ? ಎಲ್ಲಾ ಹೊಸದು, ಮಡಿಕೆ ಕೂಡ ಬಿಚ್ಚಿಲ್ಲ. ಉಪಯೋಗಕ್ಕೆ ಬರುತ್ತೆ, ನೋಡ್ತಾ ಇರು."

ಮೈಯೆಲ್ಲ ಉರಿದುಹೋಯಿತು. ಆದರೆ ಅಷ್ಟು ಜನರೆದುರು ಆಂಟಿಗೆ ಎದುರಾಡುವ ಧೈರ್ಯ ನನಗೆಲ್ಲಿಂದ ಬರಬೇಕು? ಹಲ್ಲು ಕಿರಿದು ಥ್ಯಾಂಕ್ಸ್ ಹೇಳಿದೆ. ಸಾಲದ್ದಕ್ಕೆ, ಬಾಕ್ಸ್ ಹೊತ್ತು ಮನೆಗೆ ಬಂದು ನನ್ನ ಬಟ್ಟೆಯ ಕ್ಲಾಸೆಟ್ಟಿನಲ್ಲಿದ್ದ ಹಸಿರು ಪೀಸೊಂದನ್ನೂ ಅದೇ ಬಾಕ್ಸಿಗೆ ತುರುಕಿದೆ. ಕುಂಕುಮದ ಕಲೆಯಾಗಿದ್ದರಿಂದ ಅದನ್ನು ಯಾರಿಗೂ ದಾಟಿಸಲಾಗಿರಲಿಲ್ಲ. ಸದ್ಯ, ಪೀಡೆ ತೊಲಗಿತು ಅಂದುಕೊಂಡೆ.

ನಾನೇ ಕೊಂಡು ಒಯ್ದಿದ್ದ ನಾಲ್ಕಾರು ಕಂಬಳಿ ಶಿಬಿರದಲ್ಲಿ ಮೊದಲ ದಿನವೇ ಮುಗಿದವು. ಎರಡನೇ ವಾರ, ಹಿಮ ಬೀಳುತ್ತಿದ್ದ ಬೆಳಗ್ಗೆ, ಹದಿನೆಂಟರ ಹುಡುಗಿಯೊಬ್ಬಳಿಗೆ ತಿಂಗಳು ತುಂಬುವ ಮೊದಲೇ ಹೆಣ್ಣು ಕೂಸು ಹುಟ್ಟಿತು. ಆ ಬಾಕ್ಸ್ ಒಡೆದು ಪೀಸಿನ ಮೇಲೆ ಪೀಸು ಸುತ್ತಿದೆ. ಎಲ್ಲ ಜರಿ, ಪಾಲಿಯೆಸ್ಟರು, ಬೆಚ್ಚಗಾಗುವುದು ಹೇಗೆ? ತಾಯಿ ಕೂಸನ್ನು ಎದೆಗವಚಿಕೊಂಡು ಕೂತೇ ಇದ್ದಳು. ಮೂರನೇ ದಿನ ಕೂಸು ಹೋಯಿತು. ಕಂಬಳಿ ಇದ್ದಿದ್ದರೆ ಉಳಿಯುತ್ತಿತ್ತೋ ಇಲ್ಲವೋ, ಡಾಕ್ಟರಿಗೂ ಗೊತ್ತಿರಲಿಲ್ಲ.

ಮಣ್ಣು ಮಾಡಲು ಬಟ್ಟೆ ಬೇಕಾಯಿತು. ಬಿಳಿ ಬಟ್ಟೆ ಎಲ್ಲೂ ಸಿಗಲಿಲ್ಲ. ತಾಯಿ ಬಾಕ್ಸಿನಲ್ಲಿ ಕೈಯಾಡಿಸಿ ಒಂದು ಹಸಿರು ಪೀಸನ್ನು ಆರಿಸಿಕೊಂಡಳು. ಅದು ನನ್ನದು. ಮೀಟರು ಕೂಡ ಇಲ್ಲದ ತುಂಡು, ತಲೆಯಿಂದ ಕಾಲಿನವರೆಗೆ ಸುತ್ತಿದ ಮೇಲೂ ಮಿಕ್ಕಿತು. ಕಲೆ ಕಾಣದ ಹಾಗೆ ಅಂಚನ್ನು ಒಳಗೆ ಮಡಿಸಿದೆ. ನಾನು ಬಿಕ್ಕಿಬಿಕ್ಕಿ ಅತ್ತೆ, ಅವಳು ಅಳಲಿಲ್ಲ.

ವಾಪಸು ಬಂದ ಮೇಲೆ ಮೆಕಿನ್ನಿಯ ಆಂಟಿ ಅರಿಶಿನ ಕುಂಕುಮಕ್ಕೆ ಕರೆದರು. ಅವರಿಗೆ ಹೇಳಬೇಕಾದ್ದನ್ನು ವಿಮಾನ ಪ್ರಯಾಣದುದ್ದಕ್ಕೂ ಮಸೆದಿಟ್ಟುಕೊಂಡಿದ್ದೆ.

"ನಮ್ಮ ಬ್ಲೌಸ್ ಪೀಸು ಉಪಯೋಗಕ್ಕೆ ಬಂತೇನಮ್ಮಾ?" ಎಂದು ಎಲ್ಲರೆದುರು ಕೇಳಿದರು.

"ಬಂತು ಆಂಟಿ," ಎಂದೆ. "ಅಳತೆ ಸರಿಯಾಗಿತ್ತು."

"ನಾನು ಹೇಳ್ಲಿಲ್ವಾ!" ಎಂದು ಸುತ್ತ ಕೂತವರನ್ನೆಲ್ಲ ಒಮ್ಮೆ ನೋಡಿ, ಎಲೆ ಅಡಿಕೆಯ ಜೊತೆ ಹೊಸದೊಂದು ಪೀಸು ನನ್ನ ಕೈಗಿಟ್ಟರು. ಅದು ಇನ್ನೂ ನನ್ನ ಕ್ಲಾಸೆಟ್ಟಿನಲ್ಲಿದೆ. ಯಾರಿಗೂ ದಾಟಿಸಲು ಕೈಯೇ ಏಳುವುದಿಲ್ಲ.