ಮೂರು ಸೀಸೆ ರಕ್ತ

ಎಂಬತ್ತರ ದಶಕದ ನಡುವಿನ ಮಾತು. ನಾನು ಹೈದರಾಬಾದಿನ ಪ್ರಯೋಗಾಲಯವೊಂದರಲ್ಲಿ ಸಂಶೋಧನೆ ಮಾಡುತ್ತಿದ್ದೆ. ಎರಡು ವರ್ಷದ ಮಗ ಬಸವಕಲ್ಯಾಣದಲ್ಲಿ ಅವ್ವನ ಹತ್ತಿರ ಇದ್ದ. ಕೆಂಪು ರಕ್ತಕಣಗಳು ಒಡೆಯದಂತೆ ಕಾಯುವ ಒಂದು ಕಿಣ್ವ ನಮ್ಮ ಕೆಲಸದ ವಿಷಯ. ಅದರ ವಂಶವಾಹಿಯನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ, ಮನುಷ್ಯನ ಕಿಣ್ವವನ್ನು ಬೇಕಾದಷ್ಟು ಮಾಡಿಸಿಕೊಳ್ಳುವ ಕಾಲ ಬರುತ್ತದೆ ಎಂದು ನಮ್ಮ ಗುರುಗಳು ಆಸೆಯಿಂದ ಹೇಳುತ್ತಿದ್ದರು. ಅಲ್ಲಿಯವರೆಗೆ ನಮಗೆ ಜನರ ರಕ್ತವೇ ಗತಿ.

ಒಂದು ದಿನ ಆ ಕಿಣ್ವದ ಕೊರತೆಯ ಬಗ್ಗೆ ಓದುತ್ತ ಕೂತವಳು ಒಂದು ಸಾಲನ್ನು ಎರಡು ಸಲ ಓದಿದೆ. ಅಂಥವರು ಪ್ರಿಮಾಕ್ವಿನ್‌ನಂಥ ಕೆಲವು ಮಲೇರಿಯಾ ಮಾತ್ರೆ ನುಂಗಿದರೆ ಮೂತ್ರ ಕಪ್ಪಾಗುತ್ತದೆ, ಕಣ್ಣು ಹಳದಿಯಾಗುತ್ತದೆ. ನಾನು ಚಿಕ್ಕವಳಿದ್ದಾಗ ಸೋದರಮಾವನಿಗೆ ಹೀಗೇ ಆಗಿ, ಸತ್ತು ಬದುಕಿದ್ದ. ಈ ದೋಷ ತಾಯಿಯಿಂದ ಗಂಡುಮಕ್ಕಳಿಗೆ ಬರುವಂಥದ್ದು. ಅಜ್ಜಿಯಿಂದ ಮಾವನಿಗೆ ಬಂದಿದ್ದರೆ, ಅವ್ವನ ಮೂಲಕ ನನಗೂ, ನನ್ನಿಂದ ಮಗನಿಗೂ ಬಂದಿರಬಹುದು.

ಊರಿಗೆ ಓಡಿದೆ. ದವಾಖಾನೆಯ ನರ್ಸ್ ಮನೆಗೆ ಬಂದು ಮಾವನ ರಕ್ತ ತೆಗೆದರು, ಮಗನದೂ ತೆಗೆದರು.

"ಕೂಸಿಂದ್ಯಾಕ?" ಅವ್ವ ಕೇಳಿದಳು.

"ಸುಮ್ನ, ನೋಡಾಕ" ಎಂದು ಸುಳ್ಳು ಹೇಳಿದೆ.

ಅಪ್ಪ ಅಂಗಿಯ ತೋಳು ಏರಿಸಿ ಬಂದು ಕೂತರು. "ನಂದೂ ತಗೋರಿ. ಕೂಸು ಅಳಾಕತ್ತದ, ಅಜ್ಜಗೂ ಚುಚ್ಚಿದ್ದು ನೋಡಿದ್ರ ಸುಮ್ಕಾಗ್ತದ."

ಮೂರೂ ಸೀಸೆಗಳನ್ನು ಬರಫ್ ತುಂಬಿದ ಅಗಲ ಬಾಯಿಯ ಥರ್ಮಾಸಿನಲ್ಲಿಟ್ಟು ಬಸ್ಸು ಹತ್ತಿದೆ. ಹುಮನಾಬಾದಿನಲ್ಲಿ ಇಳಿದರೆ ಹೈದರಾಬಾದಿನ ಬಸ್ಸು ದಾರಿಯಲ್ಲೆಲ್ಲೋ ಕೆಟ್ಟು ನಿಂತಿದೆ ಎಂದರು. ಸುಡುವ ಬಿಸಿಲು. ಮುಚ್ಚಳ ತೆಗೆದು ನೋಡಿದೆ. ಬರಫ್ ಮುಕ್ಕಾಲು ನೀರಾಗಿತ್ತು. ಕಾವಿಗೆ ಕಿಣ್ವ ಕೆಟ್ಟರೆ, ಅದು ಮಗನಲ್ಲಿ ಹುಟ್ಟಿನಿಂದಲೇ ಇಲ್ಲವೋ, ದಾರಿಯಲ್ಲಿ ಹೋಯಿತೋ, ಹೇಗೆ ತಿಳಿಯುವುದು?

ನಿಲ್ದಾಣದ ಎದುರಿನ ಶರಬತ್ತಿನ ಗಾಡಿಯತ್ತ ಓಡಿದೆ. "ಚಾಚಾ, ಇದರಾಗ ನನ್ನ ಮಗನ ರಕ್ತ ಅದ. ಬರಫ್ ಇಲ್ದಿದ್ರ ಕೆಡ್ತದರಿ."

ಆ ಮುದುಕ ನನ್ನ ಮುಖವನ್ನೊಮ್ಮೆ ನೋಡಿದ. ಗೋಣಿತಟ್ಟಿನಲ್ಲಿ ಉಳಿದಿದ್ದ ಒಂದೇ ಗಡ್ಡೆಯನ್ನು ಒಡೆದು ಥರ್ಮಾಸು ತುಂಬಿದ. ಶರಬತ್ತಿಗೆ ನಿಂತವರು ಗೊಣಗಿದರು. "ತಣ್ಣಂದು ನಾಳಿ ಕುಡೀರಿ" ಎಂದ. ಬಸ್ಸು ಬರುವತನಕ ನನ್ನನ್ನು ಗಾಡಿಯ ನೆರಳಿನಲ್ಲೇ ಕೂರಿಸಿದ.

ಮರುದಿನ ಪ್ರಯೋಗಾಲಯದ ಕತ್ತಲೆ ಕೋಣೆಯಲ್ಲಿ ಪರೀಕ್ಷೆ. ರಕ್ತವನ್ನು ರಾಸಾಯನಿಕದೊಂದಿಗೆ ಬೆರೆಸಿ ಕಾಗದದ ಮೇಲೆ ಹನಿಸಿ, ನೇರಳಾತೀತ ದೀಪದ ಕೆಳಗೆ ಹಿಡಿಯಬೇಕು. ಕಿಣ್ವವಿದ್ದರೆ ಚುಕ್ಕೆ ಹೊಳೆಯುತ್ತದೆ. ಮಾವನ ಚುಕ್ಕೆ ಹೊಳೆಯಲಿಲ್ಲ. ಮಗನದೂ ಹೊಳೆಯಲಿಲ್ಲ. ಕಾವಿಗೆ ಕೆಟ್ಟಿರಬೇಕು, ಹಾಗೇ ಆಗಿರಲಿ ಎಂದು ಬೇಡಿಕೊಳ್ಳುತ್ತ ಮೂರನೆಯದನ್ನು ನೋಡಿದೆ. ಅಪ್ಪನ ಚುಕ್ಕೆ ತಿಳಿನೀಲಿಯಾಗಿ ಹೊಳೆಯುತ್ತಿತ್ತು. ಅದೇ ಥರ್ಮಾಸು, ಅದೇ ಬಿಸಿಲು. ಇನ್ನು ಕಾವಿನ ಮೇಲೆ ತಪ್ಪು ಹೊರಿಸುವಂತಿರಲಿಲ್ಲ.

ಮತ್ತೆ ಊರಿಗೆ ಹೋಗಿ ಅವ್ವನಿಗೆ ಎಲ್ಲ ಹೇಳಿದೆ.

"ಹಂಗಾರ ನನ್ನಿಂದ್ಲೇ ಬಂತೇನು?"

"ನನ್ನಿಂದ್ಲೂ ಬಂತು, ಅವ್ವಾ."

ಕೊಡಬಾರದ ಔಷಧಗಳ ಪಟ್ಟಿ ಬರೆದುಕೊಟ್ಟೆ. ಅವಳಿಗೆ ಓದು ಬರುತ್ತಿರಲಿಲ್ಲ. ಕಾಗದ ಕಳೆದರೆ ಎಂಬ ಭಯ. "ಬಾಯಿಲೆ ಹೇಳು" ಎಂದು ಎದುರಿಗೆ ಕೂರಿಸಿಕೊಂಡಳು. ಅಂದು ಮಧ್ಯಾಹ್ನವೆಲ್ಲ ರೊಟ್ಟಿ ಬಡಿಯುತ್ತ, "ಪಿರಿಮಾಕಿನ, ಪಿರಿಮಾಕಿನ" ಎಂದು ಹೇಳಿಕೊಳ್ಳುತ್ತಲೇ ಇದ್ದಳು. ನಡುವೆ ಮರೆತಾಗ ಹಿಟ್ಟಿನ ಕೈಯಲ್ಲೇ ನನ್ನ ಹತ್ತಿರ ಓಡಿ ಬರುತ್ತಿದ್ದಳು.