ಕಟ್ಟಿನ ಕೆಳಗಿನ ಚಿಗುರು

ಇವತ್ತು ಇಂಡಿ ಸಂತೆಯಲ್ಲಿ ಬಾರಿಹಣ್ಣಿನ, ಅದೇ ಎಲಚಿಯ, ವಾಸನೆ ಮೂಗಿಗೆ ಬಡಿಯಿತು. ಬುಟ್ಟಿಯ ಮುಂದೆ ನಿಲ್ಲಲಾಗದೆ ಬಂದುಬಿಟ್ಟೆ.

ನಾನು ಸಣ್ಣವಳಿದ್ದಾಗ ನಮ್ಮ ಹೊಲದ ಸಿಹಿ ಬಾರಿಗಿಡ ಬಿರುಗಾಳಿಗೆ ಬುಡಸಮೇತ ಉರುಳಿತ್ತು. ಅಂಥ ಗಿಡ ಸುತ್ತ ಎಲ್ಲೂ ಇರಲಿಲ್ಲ. ಅಪ್ಪ ಅದರ ಟೊಂಗೆಯ ಚಿಗುರೊಡೆಯುವ ಕಣ್ಣುಗಳನ್ನು ಕೆತ್ತಿ, ಹುಳಿ ಕಾಡುಬಾರಿ ಗಿಡಗಳಿಗೆ ನಾರಿನಿಂದ ಕಸಿ ಕಟ್ಟಿದ. ಒಂದನ್ನುಳಿದು ಎಲ್ಲ ಒಣಗಿದವು. ಆ ಒಂದಕ್ಕೆ ನಾನು ಕಾವಲು.

“ಕಟ್ಟಿನ ಕೆಳಗ ಚಿಗುರು ಬಂದ್ರ ಚಿವುಟಿ ಒಗಿಯವ್ವಾ. ಇಲ್ಲಂದ್ರ ಮ್ಯಾಲಿನ ಕಣ್ಣು ಸಾಯ್ತೈತಿ” ಎಂದಿದ್ದ ಅಪ್ಪ.

ಮೇಲಿನ ಕಣ್ಣು ಮಿಸುಕಲೇ ಇಲ್ಲ. ಕೆಳಗೆ ಎಳೆ ಚಿಗುರು ಬಂತು. ಚಿವುಟಲು ಕೈ ಬರದೆ, ಅಪ್ಪನಿಗೆ ಕಾಣದಂತೆ ಮರೆಮಾಡಿ ನೀರೆರೆದೆ.

ಕೆಲವು ವಾರದ ಮೇಲೆ ಅಪ್ಪ ನಾರು ಬಿಚ್ಚಿದ. ಕಪ್ಪಾದ ಕಣ್ಣನ್ನು ಉಗುರಿನಿಂದ ಕೆರೆದು ಕೆರೆದು ಹಸಿರು ಹುಡುಕಿದ.

“ಅದೊಂದ ಹಸರಿತ್ತಪ್ಪಾ” ಎಂದು ಕೆಳಗಿನ ಚಿಗುರು ತೋರಿಸಿದೆ. ಅಪ್ಪ ಅಲ್ಲೇ ಕುಸಿದು ಕುಳಿತ.

ಆ ಚಿಗುರು ಬೆಳೆದ ಪೊದೆ ಈಗಲೂ ಮೈತುಂಬ ಹುಳಿ ಹಣ್ಣು ಬಿಡುತ್ತದೆ. ಮುದುಕಿಯಾದರೂ ಪ್ರತಿ ವರ್ಷ ಒಂದನ್ನು ಬಾಯಿಗಿಟ್ಟು ನೋಡುತ್ತೇನೆ, ಸಿಹಿಯಾಗಿದೆಯೇನೋ ಎಂದು.